ಇಮೇಲನ್ನು ತಳದಿಂದ ಓದುವ ಮಾವ

ನಮ್ಮ ಸೋದರಮಾವನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಗುಂಡ್ಲುಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಿಕೊಟ್ಟವರು ಮಾವನೇ!

ಈರುಳ್ಳಿ ಮಂಡಿ ಅವರದು. ಮೂಟೆ ಬಂದರೆ ಮೇಲಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೊಣಕೈವರೆಗೆ ತೋಳು ತೂರಿಸಿ, ತಳದ್ದನ್ನು ಎಳೆದು ಮೂಸುತ್ತಾರೆ. ಇಮೇಲನ್ನೂ ಹಾಗೆಯೇ ಓದುತ್ತಾರೆಂದರೆ ನಂಬುತ್ತೀರಾ? ಮೊದಲು ಕೊನೆಯ ಸಾಲು, ಆಮೇಲೆ ಕಳಿಸಿದವರ ವಿಳಾಸ, ಮನಸ್ಸಾದರೆ ಮಾತ್ರ ನಡುವಿನ ನಮಸ್ಕಾರ, ಶುಭಾಶಯ.

“ಮೇಲ್ಗಡೆ ಎಲ್ರೂ ಚೆಂದಾಗೇ ಜೋಡ್ಸಿರ್ತಾರೆ ಕಣಮ್ಮಿ. ಕೊಳ್ತಿರೋದು ತಳದಲ್ಲೇ,” ಎಂದು ‘ಕೂಡಲೇ ಇಲ್ಲಿ ಒತ್ತಿ’ ಎಂಬ ನೀಲಿ ಅಕ್ಷರಗಳನ್ನು ತೋರಿಸುತ್ತಾರೆ.

ಒಮ್ಮೆ ಬ್ಯಾಂಕಿನ ಹೆಸರಿನಲ್ಲಿ, ಸಂಜೆಯೊಳಗೆ ಪಾಸ್‌ವರ್ಡ್ ಕೊಡದಿದ್ದರೆ ಖಾತೆ ಮುಚ್ಚುತ್ತೇವೆ ಎಂಬ ಮೇಲ್ ಬಂತು. ಮಾವ ಒತ್ತಲಿಲ್ಲ. ಅಂಗಿ ಬದಲಿಸಿ ಬ್ಯಾಂಕಿಗೇ ನಡೆದರು. “ನೀವೇ ಬರ್ದಿದ್ದಾ ಸಾರ್? ಎದುರುಗಡೇಲೇ ಅಂಗ್ಡಿ, ಒಂದು ಕೂಗು ಹಾಕ್ಬಾರ್ದಾಗಿತ್ತಾ?” ಆಮೇಲೆ ಬ್ಯಾಂಕಿನ ನಿಜವಾದ ಮೇಲ್‌ಗಳಿಗೂ ಅದೇ ಗತಿ. ದೂರದಲ್ಲಿ ಮಾವನ ಬಿಳಿ ಪಂಚೆ ಕಂಡರೆ ಸಾಕು, ಮ್ಯಾನೇಜರ್ ಕೂತಲ್ಲಿಂದಲೇ “ನಮ್ಮದೇ, ನಮ್ಮದೇ” ಎಂದು ಕೈಬೀಸುತ್ತಿದ್ದರಂತೆ.

ಇಂಥ ಮಾವ ಮೊನ್ನೆ ಮಾಡಿದ್ದನ್ನು ಕೇಳಿ. ಚಾಮರಾಜನಗರದಿಂದ ಬಂದು ಬಸ್ಸಿಳಿದವಳು, ಮೊದಲೇ ತಿಳಿಸದೆ ಮಂಡಿಗೆ ಹೋದೆ. ಮಾವ ನನಗೆ ಬೆನ್ನು ಮಾಡಿ ಫೋನಿಗೆ ಬಗ್ಗಿದ್ದರು. ಹೆಗಲ ಮೇಲಿಂದ ಇಣುಕಿದರೆ, ನನ್ನದೇ ಹೆಸರಿನ ಮೇಲ್! ‘ಮಾವ, ಅಪಘಾತವಾಗಿದೆ, ಕಾಲು ಮುರಿದಿದೆ, ಆಸ್ಪತ್ರೆಗೆ ಹಣ ಕಟ್ಟಲು ಇಲ್ಲಿ ಒತ್ತಿ.’ ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಒತ್ತಿಬಿಟ್ಟರು. ತೆರೆದ ಪುಟದಲ್ಲಿ ಅಂಗಡಿ ಖಾತೆಯ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ತುಂಬತೊಡಗಿದರು. ಮಂಡಿಯ ಬಂಡವಾಳವೆಲ್ಲ ಇರುವ ಖಾತೆ ಅದು. ತಳದಿಂದ ಓದಿರಲಿಲ್ಲ, ವಿಳಾಸವನ್ನೂ ನೋಡಿರಲಿಲ್ಲ.

ಫೋನ್ ಕಿತ್ತುಕೊಂಡೆ.

“ನನಗೊಂದು ಫೋನ್ ಮಾಡಿ ಕೇಳಬಾರದಿತ್ತಾ ಮಾವ?”

“ಮಾಡ್ದೆ. ನೀ ಎತ್ನಿಲ್ಲ.”

ಬಸ್ಸಿನ ಗಲಾಟೆಯಲ್ಲಿ ನನಗೆ ಕೇಳಿಸಿರಲಿಲ್ಲ.

ಪುಟ ಮುಚ್ಚಿ, ಪಾಸ್‌ವರ್ಡ್ ಬದಲಾಯಿಸಿದೆವು. ಕಳಿಸಿದವರ ವಿಳಾಸ ತೋರಿಸಿದೆ: ನನ್ನ ಹೆಸರು, ಅದರ ಹಿಂದೆ ಗೊತ್ತುಗುರಿಯಿಲ್ಲದ ಅಂಕೆಗಳ ಬಾಲ. ಮಾವ ಎಲ್ಲಕ್ಕೂ ತಲೆಯಾಡಿಸಿದರು. ಕಣ್ಣು ಮಾತ್ರ ನನ್ನ ಕಾಲಿನ ಮೇಲೇ ಇತ್ತು.

“ಸುಳ್ಳು ಮೇಲ್ ಅಂತ ಗೊತ್ತಾಯ್ತಲ್ಲ ಮಾವ?”

“ಗೊತ್ತಾಯ್ತು ಕಣಮ್ಮಿ,” ಎಂದರು. “ಆದ್ರೂ ಬಾಗ್ಲು ಗಂಟ ಒಂದ್ಸಲ ನಡ್ದು ತೋರ್ಸ್ಬುಡು.”

ನಡೆದು ತೋರಿಸಿದೆ.