ನಾಲ್ಕು ಚಕ್ರ, ಒಂದು ಜೊತೆ ಚಪ್ಪಲಿ

"ಇವತ್ತಿಂದ ಈ ಮನೇಲಿ ಟ್ಯಾಬ್ ಅನ್ನೋದು ಇಲ್ಲ ಅಂತ ತಿಳ್ಕೊಳ್ಳಿ!"

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ನಿಂತು ಹೀಗೊಂದು ರಾಜಾಜ್ಞೆ ಹೊರಡಿಸಿದ ಅಮ್ಮ, ಮಗಳ ಕೈಯಿಂದ ಟ್ಯಾಬ್ ಕಿತ್ತು ಬೀರುವಿನೊಳಗಿಟ್ಟು ಬೀಗ ಜಡಿದಳು. ಬೀಗದ ಕೈಯನ್ನು ಅತ್ತೆಯ ವಶಕ್ಕೆ ಕೊಟ್ಟಳು. ತನ್ನ ಬಳಿಯೇ ಇಟ್ಟುಕೊಂಡರೆ ಮಗಳ ಕಣ್ಣೀರಿನ ಮೊದಲ ಹನಿಗೇ ಕರಗಿಹೋಗುವ ಹೆಂಗಸು ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎಂಟು ವರ್ಷದ ಮಗಳು ಅಳಲಿಲ್ಲ. ಅವಳು ಅಳುವ ಪೈಕಿಯಲ್ಲ, ವಾದಿಸುವ ಪೈಕಿ. ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದೇ ಹೆಸರು.

"ಸರಿ. ರಜೆ ಪೂರ್ತಿ ನಾನೇನು ಮಾಡ್ಲಿ?"

"ಆಟ ಆಡು! ನಮ್ಮ ಕಾಲದಲ್ಲಿ ಆಟದ ಸಾಮಾನು ಅಂಗಡಿಯಿಂದ ಬರ್ತಿರ್ಲಿಲ್ಲ ಕಣೇ, ನಾವೇ ಮಾಡ್ಕೊಳ್ತಿದ್ವಿ. ಹಳೇ ಚಪ್ಪಲಿ ಕತ್ತರಿಸಿ ಚಕ್ರ, ಅದಕ್ಕೊಂದು ಡಬ್ಬ, ಒಂದು ದಾರ. ಬಂಡಿ ರೆಡಿ! ಬೀದಿ ತುಂಬ ಎಳ್ಕೊಂಡು ಓಡ್ತಿದ್ವಿ."

"ಈಗ ಮಾಡಿ ತೋರಿಸ್ತೀಯಾ?"

"ಕಣ್ಮುಚ್ಚಿ ಮಾಡ್ತೀನಿ!"

ಪೇಪರಿನ ಹಿಂದಿನಿಂದ ಗಂಡನ ದನಿ ಬಂತು: "ಕೈಯಲ್ಲಿ ಕತ್ತರಿ ಇದ್ದಾಗ ಮಾತ್ರ ಕಣ್ಣು ಬಿಟ್ಕೋ ಕಣೇ."

ಲಾಯರಮ್ಮ ಬೆರಳು ಮಡಿಚಿ ಷರತ್ತು ಹಾಕಿದಳು. "ಪಂದ್ಯ! ಸಂಜೆಯೊಳಗೆ ನಿನ್ನ ಬಂಡಿ ನಮ್ಮ ಗೇಟಿಂದ ಕೊನೇ ದೀಪದ ಕಂಬಕ್ಕೆ ಹೋಗಿ ವಾಪಸ್ ಬರ್ಬೇಕು. ಮುರೀಬಾರ್ದು. ಬಂದ್ರೆ ರಜೆ ಮುಗಿಯೋವರೆಗೆ ಟ್ಯಾಬ್ ಕೇಳಲ್ಲ. ಬರ್ಲಿಲ್ಲ ಅಂದ್ರೆ ಟ್ಯಾಬ್ ನಂಗೆ. ಮತ್ತೆ ನೀನು 'ನಮ್ಮ ಕಾಲದಲ್ಲಿ' ಅನ್ನೋ ಹಾಗೇ ಇಲ್ಲ. ಯಾವತ್ತೂ!"

'ನಮ್ಮ ಕಾಲದಲ್ಲಿ' ಎನ್ನದೆ ಮಗಳನ್ನು ಬೆಳೆಸುವುದು ಹೇಗೆ? ಉಪ್ಪಿಲ್ಲದೆ ಅಡುಗೆ ಮಾಡಿದ ಹಾಗೆ! ಆದರೆ ಅಮ್ಮ ಮಗಳ ಮುಖ ನೋಡಿದಳು. ಟ್ಯಾಬಿನ ನೀಲಿ ಬೆಳಕು ಬಿದ್ದು ಬಿದ್ದು, ಬಿಸಿಲಿನ ಗುರುತೇ ಇಲ್ಲದ ಮುಖ. "ಒಪ್ಪಿದೆ!" ಎಂದಳು. ತೀರ್ಪುಗಾರರು ಅತ್ತೆ.

"ನಾನು ಯಾರ ಪಕ್ಷಾನೂ ವಹಿಸಲ್ಲ," ಎಂದರು ಅತ್ತೆ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ. "ಸಂಜೆ ನಾನು ವಾಕಿಂಗ್ ಹೊರಡೋ ಮುಂಚೆ ಮುಗಿಸ್ಬಿಡಿ, ಅಷ್ಟೇ."

ಅಮ್ಮನದು ಕರ್ಟನ್ ಹೊಲಿಯುವ ಉದ್ಯೋಗ. ದೊಡ್ಡ ಕತ್ತರಿ, ಗುರುತು ಹಾಕುವ ಸೀಮೆಸುಣ್ಣ, ಉಳಿದ ಕಂಬಿಯ ತುಂಡುಗಳು ಎಲ್ಲ ಕೈಯಳತೆಯಲ್ಲೇ. ಬಂಡಿ ಕಾರ್ಖಾನೆಗೆ ಇನ್ನೇನು ಬೇಕು! ಮೆಟ್ಟಿಲ ಕೆಳಗೆ ಹಳೆ ಚಪ್ಪಲಿಗಳ ಚೀಲವೂ ಇತ್ತು. ಆ ಮನೆಯ ಚಪ್ಪಲಿಗಳಿಗೆ ಒಡೆಯರೆಂಬುವರಿರಲಿಲ್ಲ. ಹೊರಗೆ ಹೊರಟವರ ಕಾಲಿಗೆ ಯಾವುದು ಸಿಕ್ಕಿತೋ ಅದೇ ಅವರದು. ಹಾಗಾಗಿ ಎಲ್ಲವೂ ಬೇಗ ಸವೆದು, ಬೇಗ ಚೀಲ ಸೇರುತ್ತಿದ್ದವು.

ಮೊದಲನೆಯ ಚಪ್ಪಲಿ ಕಲ್ಲಾಗಿತ್ತು. ಕತ್ತರಿ ಹಲ್ಲು ಕಿರಿಯಿತು. ಎರಡನೆಯದು ಮುಟ್ಟಿದರೆ ಪುಡಿ. ಮೂರನೆಯದರಲ್ಲಿ ಹೇಗೋ ಒಂದು ಚಕ್ರ ಬಂತು.

"ಅಮ್ಮಾ, ಇದು ಚಕ್ರಾನಾ, ಮೊಟ್ಟೇನಾ?"

"ಮೊದಲನೇದು ಹಾಗೇ ಬರೋದು!"

ಮಧ್ಯಾಹ್ನದ ಹೊತ್ತಿಗೆ ನೆಲದ ತುಂಬ ರಬ್ಬರಿನ ಪುಡಿ. ಗಂಡ ಬಾಗಿಲಲ್ಲಿ ನಿಂತು ನೋಡಿದ. "ಯಾರೋ ಇಲ್ಲಿ ತುಂಬ ದೊಡ್ಡ ತಪ್ಪು ಬರೆದು ಅಳಿಸಿದ ಹಾಗಿದೆ!"

"ರೀ, ಸುಮ್ನೆ ಹೋಗ್ರೀ!"

"ಅಜ್ಜೀ, ಟ್ಯಾಬ್ ಚಾರ್ಜಿಗೆ ಹಾಕಿಡ್ಲಾ?" ಎಂದು ಲಾಯರಮ್ಮ ಕೂಗಿದಳು.

ಅಮ್ಮ ಹೌಹಾರಿ ಇಡೀ ಚೀಲವನ್ನೇ ಬೋರಲು ಹಾಕಿದಳು. ತಳದಿಂದ ಪೇಪರಿನಲ್ಲಿ ಸುತ್ತಿದ ಒಂದು ಜೊತೆ ದೊಪ್ಪೆಂದು ಬಿತ್ತು. ಆಹಾ! ಎರಡು ಬೆರಳು ದಪ್ಪದ ಅಡಿ, ಹಣ್ಣಿನಷ್ಟು ಮೆತ್ತಗೆ! ಯಾರೋ ಕಸಕ್ಕೆ ಹಾಕಲೆಂದೇ ಸುತ್ತಿಟ್ಟ ಹಾಗಿದೆ. ಕತ್ತರಿ ಬೆಣ್ಣೆಯಲ್ಲಿ ಹರಿದಂತೆ ಹರಿಯಿತು. ಹುಣ್ಣಿಮೆ ಚಂದ್ರನಂಥ ನಾಲ್ಕು ಚಕ್ರಗಳು!

ಬಿಸ್ಕತ್ತಿನ ತಗಡು ಡಬ್ಬಕ್ಕೆ ಮೊಳೆಯಲ್ಲಿ ತೂತು ಹೊಡೆಯುವಾಗ ಲಾಯರಮ್ಮನಿಗೆ ತಡೆಯಲಾಗಲಿಲ್ಲ. "ಓರೆಯಾಗ್ತಿದೆ, ಇಲ್ಲಿ ಹೊಡಿ," ಎಂದು ಸೀಮೆಸುಣ್ಣ ಕಸಿದು ತಾನೇ ಗುರುತು ಹಾಕಿದಳು. ಎದುರು ಪಕ್ಷದ ವಕೀಲೆ ಡಬ್ಬ ಹಿಡಿದು ಕೂತಿದ್ದನ್ನು ಅಮ್ಮ ನೋಡಿಯೂ ನೋಡದಂತಿದ್ದಳು. ಕಂಬಿ ತೂರಿಸಿ, ಚಕ್ರ ಸಿಕ್ಕಿಸಿ, ಕರ್ಟನ್ ಹಗ್ಗ ಕಟ್ಟಿ ಇಬ್ಬರೂ ಬೀದಿಗಿಳಿದರು.

ಬಂಡಿ ಓಡಿತು! ಕಂಬ ಮುಟ್ಟಿ, ತಿರುಗಿ, ಗೇಟಿಗೆ ಬಂದು ನಿಂತಿತು.

"ಒಂಚೂರೂ ಸದ್ದಿಲ್ಲ! ಎಷ್ಟು ಮೆತ್ತಗೆ ಹೋಗುತ್ತೆ!" ಅತ್ತೆ ಚಪ್ಪಾಳೆ ತಟ್ಟಿದರು. "ಸೊಸೆ ಗೆದ್ಲು. ಇನ್ನು ನಾನು ವಾಕಿಂಗ್ ಹೊರಡ್ತೀನಪ್ಪ," ಎಂದು ಒಳಗೆ ಹೋದರು.

"ಅಮ್ಮಾ, ಈಗ ನನ್ನ ಸರದಿ."

"ಇರು, ಇನ್ನೊಂದೇ ಸುತ್ತು!"

ಆ ಒಂದು ಸುತ್ತು ಮುಗಿಯಿತು. ಅಮ್ಮ ನಿಲ್ಲಲಿಲ್ಲ. ಸೆರಗು ಬಿಗಿದು, ಕೂದಲು ಕೆದರಿ, ಬಾಯಲ್ಲಿ ಬುರ್ರ್ ಎನ್ನುತ್ತಾ ಓಡಿದಳು.

"ಅಮ್ಮಾ, ಕೊಡಮ್ಮಾ!"

"ಐದೇ ನಿಮಿಷ ಕಣೇ! ಆ ತಿರುವಲ್ಲಿ ಸ್ಪೀಡ್ ಜಾಸ್ತಿ ಮಾಡಿ ನೋಡ್ತೀನಿ!"

"ನಿನ್ನೆ ಟ್ಯಾಬ್ ಹಿಡ್ಕೊಂಡು ನಾನು ಇದನ್ನೇ ಹೇಳಿದ್ದಕ್ಕೆ ಬೈದ್ಯಲ್ಲಾ!" ಲಾಯರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಗುಡುಗು ಕೇಳಿತು: "ಪೇಪರ್ ಸುತ್ತಿಟ್ಟಿದ್ದ ನನ್ನ ಹೊಸ ಚಪ್ಪಲಿ ಯಾರ್ರೋ ತೆಗೆದಿದ್ದು?"

ಬುರ್ರ್ ನಿಂತುಹೋಯಿತು. ಹಿಮ್ಮಡಿ ನೋವಿಗೆಂದು ಡಾಕ್ಟರು ಹೇಳಿ ತರಿಸಿದ ಚಪ್ಪಲಿ! ಬಾಗಿಲಲ್ಲಿಟ್ಟರೆ ಮನೆಮಂದಿಯೆಲ್ಲ ಮೆಟ್ಟಿ ಸವೆಸುತ್ತಾರೆಂದು, ಯಾರೂ ಕೈಹಾಕದ ಜಾಗದಲ್ಲಿ ಅತ್ತೆ ಬಚ್ಚಿಟ್ಟಿದ್ದರು.

ಅತ್ತೆ ಬರಿಗಾಲಲ್ಲಿ ಗೇಟಿಗೆ ಬಂದರು. ಬಾಗಿ, ಒಂದು ಚಕ್ರವನ್ನು ಹೆಬ್ಬೆರಳಿಂದ ಒತ್ತಿದರು. "ಅದಕ್ಕೇ ಅಷ್ಟು ಮೆತ್ತಗೆ ಹೋಯ್ತು," ಎಂದರು. ಜಗುಲಿಯಲ್ಲಿ ಕೂತಿದ್ದ ಗಂಡ ಪೇಪರಿನೊಳಗೆ ಮುಖ ಮುಚ್ಚಿಕೊಂಡ. ತಡೆದ ನಗುವಿಗೆ ಪೇಪರು ಗಡಗಡ ನಡುಗುತ್ತಿತ್ತು.

ಅತ್ತೆ ಬಂಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ, ಬೀರುವಿನಲ್ಲಿ ಟ್ಯಾಬಿನ ಪಕ್ಕಕ್ಕಿಟ್ಟು ಬೀಗ ಹಾಕಿದರು.

"ಅತ್ತೆ! ಗೆದ್ದಿದ್ದು ನಾನಲ್ವಾ!"

"ಅದಕ್ಕೇ ಟ್ಯಾಬ್ ಹೊರಗೆ ಬರಲ್ಲ."

"ಅಜ್ಜೀ, ನಂಗಿನ್ನೂ ಒಂದು ಸರದೀನೂ ಸಿಕ್ಕಿಲ್ಲ!" ಲಾಯರಮ್ಮನ ಕಣ್ಣಲ್ಲಿ ನೀರು. ಟ್ಯಾಬ್ ಹೋದಾಗ ಬಾರದ ನೀರು!

ಅಮ್ಮ ಮಗಳು ಬೀರುವಿನ ಮುಂದೆ ಒಟ್ಟಿಗೆ ನಿಂತರು. ಅಮ್ಮ ತೀರಾ ಸಣ್ಣ ದನಿಯಲ್ಲಿ ಕೇಳಿದಳು: "ಅತ್ತೆ, ಊಟಕ್ಕೆ ಮುಂಚೆ ಒಂದೇ ಒಂದ್ಸಲ...?"

"ಮೊದಲು ಅಂಗಡಿಗೆ ಹೋಗಿ ನನ್ನ ಚಪ್ಪಲಿ ತಾ. ಹೋಮ್‌ವರ್ಕ್ ಆದ್ಮೇಲೇ ಆಟ. ಯಾಕಮ್ಮಾ, ನಿಮ್ಮ ಕಾಲದಲ್ಲಿ ಇದನ್ನ ಹೇಳ್ಕೊಡ್ಲಿಲ್ವಾ?"

ಅಮ್ಮ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಹೊರಟಳು. ಲಾಯರಮ್ಮ ಗೇಟಿನವರೆಗೆ ಓಡಿ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು:

"ಅಮ್ಮಾ, ಎರಡು ಜೊತೆ ತಾ. ನಾವು ಲಾರಿ ಮಾಡೋಣ!"