ಅರ್ಸ್ಟ್‌ವೈಲ್ ಅಧ್ಯಕ್ಷೆಯ ನಲ್ಲಿ

ನೀರು ಸರಬರಾಜು ಮಂಡಳಿಯು 'ಅರ್ಸ್ಟ್‌ವೈಲ್' ಎಂಬ ಇಂಗ್ಲಿಷ್ ವಿಶೇಷಣದ ಅರ್ಥ ಹಾಗೂ ಬಳಕೆಯನ್ನು ಸುತ್ತೋಲೆಯ ಮೂಲಕ ಈ ಕೆಳಕಂಡಂತೆ ನಿಗದಿಪಡಿಸಿದೆ: "ಕುರ್ಚಿ ಬಿಟ್ಟವರು ಮಾಜಿ. ಕುರ್ಚಿ ಬಿಟ್ಟರೂ ಸೌಲಭ್ಯ ಬಿಡದವರು ಅರ್ಸ್ಟ್‌ವೈಲ್. ಅರ್ಸ್ಟ್‌ವೈಲ್ ಅಧ್ಯಕ್ಷರ ಮನೆಗೆ ಹಗಲಿರುಳು ನೀರು ಬಿಡತಕ್ಕದ್ದು. ಅದಕ್ಕೆ ಯಾರ ಸಹಿಯೂ ಬೇಕಿಲ್ಲ. ಮಿಕ್ಕವರ ಅರ್ಜಿಗೆ ಹಾಲಿ ಅಧ್ಯಕ್ಷರು ಸಹಿ ಹಾಕತಕ್ಕದ್ದು."

ಸುತ್ತೋಲೆ ಹೊರಬಿದ್ದ ಮಧ್ಯಾಹ್ನವೇ ಹಾಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಬಂದ ಉಪಾಧ್ಯಕ್ಷರು ಕುರ್ಚಿ ಬಿಸಿಯಾಗುವ ಮುಂಚೆಯೇ ಎದ್ದರು. ಸದಸ್ಯರು ಒಬ್ಬರಾದ ಮೇಲೊಬ್ಬರು ಕೂತು ಎದ್ದರು. ನಾಮಫಲಕ ಬರೆಯುವವನಿಗೆ ಮಾತ್ರ ಬಣ್ಣ ಒಣಗಿಸಲೂ ಪುರಸೊತ್ತು ಸಿಗಲಿಲ್ಲ.

ದರ್ಜಿ ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ. ಮನೆಯಲ್ಲಿ ಬಾಣಂತಿ ಮಗಳು, ಹಸುಗೂಸು, ಒಣಗಿದ ನಲ್ಲಿ. ಕೊಡ ಹೊತ್ತು ಮೆಟ್ಟಿಲೇರಿ ಸೊಂಟ ಬಿದ್ದುಹೋಗಿತ್ತು. ಅಂದಂತೂ ಕೂಸಿಗೆ ಎರೆಯಲು ಚೊಂಬು ನೀರೂ ಇರಲಿಲ್ಲ. ನಲ್ಲಿಯ ಅರ್ಜಿ ಹಿಡಿದು ಮಂಡಳಿಗೆ ಬಂದರೆ, ಸೋಫಾಗಳ ತುಂಬ ಹಿರಿಯರು ಕೂತು ಬಿಸ್ಕತ್ತು ತಿನ್ನುತ್ತಿದ್ದಾರೆ, ಅಧ್ಯಕ್ಷರ ಕುರ್ಚಿ ಮಾತ್ರ ಖಾಲಿ. ಇವರೆಲ್ಲ ಕುರ್ಚಿ ಬಿಟ್ಟ ಅಧ್ಯಕ್ಷರು ಎಂದರು ಮಂಡಳಿಯ ಗುಮಾಸ್ತರು.

"ಮಾಜಿ ಸಾಹೇಬ್ರೇ, ಯಾರಾದ್ರೂ ಒಂದು ಸಹಿ ಹಾಕಿ. ಮಗು ಸೆಖೆಗೆ ಅಳ್ತಿದೆ."

"ಮಾಜಿ ಅನ್ನಬಾರದಮ್ಮ, ಅರ್ಸ್ಟ್‌ವೈಲ್ ಅನ್ನಬೇಕು," ಎಂದರು ಒಬ್ಬರು.

"ಛೆ, ನಮ್ಮ ಸಹಿ ನಡೆಯಲ್ಲಮ್ಮ," ಎಂದು ಮಿಕ್ಕವರು ಮನಸಾರೆ ಮರುಗಿದರು, ಬಿಸ್ಕತ್ತು ಕೆಳಗಿಡದೆ.

ಗುಮಾಸ್ತರು ಕನ್ನಡಕ ಏರಿಸಿದರು. "ಕುರ್ಚಿ ಖಾಲಿ ಬಿಡೋ ಹಾಗಿಲ್ಲ. ನೀವೇ ಕೂತ್ಕೊಳ್ಳಿ ಅಕ್ಕ. ಸೂಜಿ ಹಿಡಿಯೋ ಕೈಗೆ ಪೆನ್ನೇನು ಮಹಾ?"

ಆಕೆ ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನ ಅರ್ಜಿಗೆ ಸಹಿ ಹಾಕಲು ಹೋದರೆ ಗುಮಾಸ್ತರು ಗಬಕ್ಕನೆ ಕಿತ್ತುಕೊಂಡರು.

"ಸ್ವಂತ ನಲ್ಲಿಗೆ ಸಹಿ ಹಾಕೋ ಹಾಗಿಲ್ಲ ಮೇಡಂ. ಸ್ವಜನಪಕ್ಷಪಾತ ಆಗುತ್ತೆ."

"ಹಾಗಾದ್ರೆ ಈ ಸುಡುಗಾಡು ಕುರ್ಚಿ ನಂಗ್ಯಾಕೆ?"

"ಬಿಡೋಕೆ."

ಬಿಟ್ಟಳು. ಮನೆ ಮುಟ್ಟುವಷ್ಟರಲ್ಲಿ ನಲ್ಲಿ ಭೋರ್ಗರೆಯುತ್ತಿತ್ತು. ಕೂಸಿಗೆ ಎರೆದಳು, ಖುಷಿ ತಡೆಯಲಾರದೆ ಉಟ್ಟ ಸೀರೆಯಲ್ಲೇ ತಾನೂ ತಲೆ ಮೇಲೆ ಸುರಿದುಕೊಂಡಳು.

"ಅಮ್ಮಾ, ಏನಾಯ್ತು ನಿಂಗೆ?" ಎಂದಳು ಮಗಳು.

"ಅಧ್ಯಕ್ಷೆ ಆಗಿದ್ದೆ ಕಣೇ. ಈಗ ಇಲ್ಲ!"

ಮರುದಿನ ಆಕೆ ಸೋಫಾದಲ್ಲಿ ಕೂತು ಬಿಸ್ಕತ್ತು ಕಚ್ಚುತ್ತಿದ್ದಾಗ ಪಕ್ಕದ ಮನೆಯ ಕ್ಷೌರಿಕ ಅರ್ಜಿ ಹಿಡಿದು ಬಂದ. "ಅಕ್ಕಾ, ಒಂದು ಸಹಿ..."

"ಛೆ, ನಮ್ಮ ಸಹಿ ನಡೆಯಲ್ಲಪ್ಪ," ಎಂದು ಮನಸಾರೆ ಮರುಗಿದಳು. "ಕುರ್ಚಿ ಖಾಲಿ ಇದೆ ನೋಡು."

ಈಗ ಬೆಳಗಾದರೆ ಸಾಕು, ಮಂಡಳಿಯ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅರ್ಜಿ ಯಾರೂ ತರುವುದಿಲ್ಲ. ಆಡಳಿತ ಚುರುಕಾಗಿದೆಯೆಂದು ಪ್ರಕಟಣೆಯೂ ಹೊರಟಿದೆ. ಸಹಿ ಮಾಡಿಸಿಕೊಳ್ಳದೆಯೇ ಬೀದಿ ಬೀದಿಗೆ ನೀರು ಬಂದಿದೆ. ಹಾಲಿ ಅಧ್ಯಕ್ಷರ ಮನೆಗೆ ಮಾತ್ರ ಇನ್ನೂ ಇಲ್ಲ. ಅವರು ಬೇಗ ಎದ್ದೇಳಲಿ ಎಂದು ಹಿಂದೆ ನಿಂತವರು ಕೆಮ್ಮುತ್ತಿದ್ದಾರೆ.