ಫ್ರಿಜ್ಜಿಗೊಂದು ಕೋಟು

ನನ್ನ ಹತ್ತಿರ ಬಟ್ಟೆ ಹೊಲಿಸಿಕೊಂಡವರು ಊಟಕ್ಕೆ ಕೂರುವ ಮೊದಲು ಒಂದು ಗುಂಡಿ ಬಿಚ್ಚಿಕೊಳ್ಳುತ್ತಾರೆ ಎಂಬುದು ನಮ್ಮ ಬೀದಿಯಲ್ಲಿ ಹಬ್ಬಿರುವ ಅಪಪ್ರಚಾರ. ನಾನು ಹೊಲಿಯುವುದು ಬಿಗಿಯಲ್ಲ, ಫಿಟ್ಟಿಂಗು. ಜನಕ್ಕೆ ಎರಡರ ವ್ಯತ್ಯಾಸ ತಿಳಿಯದಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಬಟ್ಟೆ ಎಂದರೆ ಮೈಗೆ ಒಪ್ಪಿ ನಿಲ್ಲಬೇಕು, ಒಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದು ಎನ್ನುವಂತೆ ಜೋತಾಡಬಾರದು. ಟೈಲರಾಗಿ ಇದು ನನ್ನ ಸಿದ್ಧಾಂತ. ಇದಕ್ಕೆ ಧಕ್ಕೆ ತಂದದ್ದು ಯಾವ ಗಿರಾಕಿಯೂ ಅಲ್ಲ, ನಮ್ಮ ಮನೆಗೆ ಬಂದ ಫ್ರಿಜ್ಜು.

ಫ್ರಿಜ್ಜು ಬೇಕೆಂದು ಹಟ ಹಿಡಿದವಳು ನನ್ನ ಹೆಂಡತಿ. ಅವಳ ಅಕ್ಕ ಬೆಟ್ಟದ ಮೇಲಿನ ಒಂದು ಊರಿನಲ್ಲಿದ್ದಾಳೆ. ಅಕ್ಕ ಪ್ರತಿ ವರ್ಷ ಕರೆಯುತ್ತಾಳೆ, ಇವಳು ಪ್ರತಿ ವರ್ಷ ಹೋಗುವುದಿಲ್ಲ. ಹೋದರೆ ನನಗೂ ನನ್ನ ಅಪ್ಪನಿಗೂ ಬೇಯಿಸಿ ಹಾಕುವವರು ಯಾರು? ಅಪ್ಪನಿಗೆ ಹಲ್ಲಿಲ್ಲ, ಹೋಟೆಲಿನ ಊಟ ಆಗಿಬರುವುದಿಲ್ಲ. ನನಗೆ ಹಲ್ಲಿದೆ, ಆದರೆ ಒಲೆ ಹಚ್ಚಲು ಬರುವುದಿಲ್ಲ. (ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಬಲ್ಲೆ. ಆದರೆ ಅದನ್ನು ಯಾರೂ ತಿನ್ನುವುದಿಲ್ಲ.)

"ಒಂದು ಫ್ರಿಜ್ ತನ್ನಿ ಸಾಕು" ಅಂದಳು. "ಎರಡು ವಾರಕ್ಕಾಗುವಷ್ಟು ಬೇಯಿಸಿ ಡಬ್ಬಿಗೆ ತುಂಬಿಟ್ಟು ಹೋಗ್ತೀನಿ. ಒಲೆ ಹಚ್ಚೋದು ಹೇಳಿಕೊಡ್ತೀನಿ, ಬಿಸಿ ಮಾಡ್ಕೊಂಡು ತಿನ್ನಿ. ಫ್ರಿಜ್ ಸರಿಯಾಗಿ ಕೆಲಸ ಮಾಡಿದ್ರೆ ಹೋಗ್ತೀನಿ, ಇಲ್ದಿದ್ರೆ ಇಲ್ಲ."

ಅಂಗಡಿಯವನು "ಎಷ್ಟು ಲೀಟರಿಂದು ಬೇಕು ಸಾರ್?" ಎಂದು ಕೇಳಿದ.

"ಲೀಟರ್ ಲೆಕ್ಕ ಹಾಲಿನವರಿಗೆ ಹೇಳಿ, ನನಗೆ ಇಂಚಲ್ಲಿ ಹೇಳಿ" ಎಂದು ಕೊರಳಿನ ಟೇಪು ತೆಗೆದೆ. ಸಾಲಾಗಿ ನಿಂತಿದ್ದ ಫ್ರಿಜ್ಜುಗಳ ಎದೆ, ಭುಜ, ಉದ್ದ ಎಲ್ಲ ಅಳೆದೆ. ಎಲ್ಲವೂ ಸೊಂಟವೇ ಇಲ್ಲದ ಗಿರಾಕಿಗಳು. ಹೆಂಡತಿಗೆ ಐಸ್ ಪೆಟ್ಟಿಗೆ ದೊಡ್ಡದಿರುವುದು ಬೇಕಿತ್ತು. ನನಗೆ ಅಡುಗೆಮನೆಯ ಗೋಡೆಗೂ ಬೀರುವಿಗೂ ನಡುವಿನ ಜಾಗಕ್ಕೆ ಸರಿಯಾಗಿ ಕೂರುವುದು ಬೇಕಿತ್ತು. ಅದೃಷ್ಟಕ್ಕೆ ಒಂದರಲ್ಲೇ ಎರಡೂ ಸಿಕ್ಕಿತು.

"ಸ್ವಲ್ಪ ಸಡಿಲ ಇರ್ಲಿ ರೀ. ಹಿಂದೆ ಮುಂದೆ ಕೈ ಆಡಬೇಕು" ಅಂದಳು.

ನನ್ನ ಗಿರಾಕಿಗಳೆಲ್ಲ ಹೇಳುವ ಮಾತೇ. ಕಿವಿಗೆ ಹಾಕಿಕೊಳ್ಳಲಿಲ್ಲ.

ಫ್ರಿಜ್ಜು ಬಂದು ತನ್ನ ಜಾಗದಲ್ಲಿ ಕೂತ ಮೇಲೆ ಎರಡು ಪಕ್ಕಕ್ಕೂ ಬೆರಳು ತೂರುವಷ್ಟು ಸಂದು ಉಳಿಯಿತು. ಬೇರೆಯವರಾಗಿದ್ದರೆ ಗಮನಿಸುತ್ತಿರಲಿಲ್ಲ. ನನಗೆ ಮಾತ್ರ ಆ ಸಂದು ಕಣ್ಣಿಗೆ ಚುಚ್ಚತೊಡಗಿತು. ಬಿಳೀ ಬಣ್ಣದ ಹೊಸ ಸಾಮಾನು, ಒಗ್ಗರಣೆ ಸಿಡಿಯುತ್ತದೆ, ಧೂಳು ಕೂರುತ್ತದೆ. ಮನೆಯಲ್ಲಿ ಟೈಲರಿದ್ದೂ ಫ್ರಿಜ್ಜು ಬರಿಮೈಯಲ್ಲಿ ನಿಲ್ಲುವುದೇ? ಟ್ರಂಕಿನಲ್ಲಿ ಬಹಳ ದಿನದಿಂದ ಒಂದು ಒಳ್ಳೆಯ ಕಂದು ಉಣ್ಣೆ ಬಟ್ಟೆ ಬಿದ್ದಿತ್ತು. ಅದನ್ನು ತೆಗೆದು ಆ ಫ್ರಿಜ್ಜಿಗೆ ಒಂದು ಕೋಟು ಹೊಲಿದೆ.

ಎಂಥ ಕೋಟು ಅಂತೀರಿ! ಒಳಗೆ ಅಸ್ತರು, ಬಾಗಿಲಿನ ಅಂಚಿಗೆ ಗುಂಡಿಗಳು, ಹಿಡಿಗೆ ಅಚ್ಚುಕಟ್ಟಾದ ಸೀಳು, ಬೆನ್ನಿಗೂ ಪೂರ್ತಿ ಬಟ್ಟೆ. ಪಕ್ಕದಲ್ಲಿ ಒಂದು ಜೇಬೂ ಇಟ್ಟೆ. ತೊಡಿಸಿ ನೂಕಿದಾಗ ಸಂದೂ ಮುಚ್ಚಿತು. ಇಷ್ಟು ವರ್ಷದ ಕಸುಬಿನಲ್ಲಿ ಟ್ರಯಲ್ ಕೊಡುವಾಗ ತುಟಿ ಪಿಟಕ್ಕೆನ್ನದ ಗಿರಾಕಿ ಇದೊಂದೇ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಆ ಬಟ್ಟೆ ಯಾರಿಗೆ ಅಂತ ತಂದಿದ್ರಿ, ನೆನಪಿದೆಯಾ?"

ನನಗೆ ನೆನಪಿರಲಿಲ್ಲ.

"ನನಗೆ. ಅಕ್ಕನ ಊರಲ್ಲಿ ಚಳಿ, ಹೋಗುವಾಗ ಕೋಟು ಹೊಲಿದುಕೊಡ್ತೀನಿ ಅಂದಿದ್ರಿ. ಗಿರಾಕಿಗಳ ಕೆಲಸ ಮುಗೀಲಿ ಅಂತಿದ್ರಿ. ಪರವಾಗಿಲ್ಲ ಬಿಡಿ. ನಿನ್ನೆ ಬಂದದ್ದಕ್ಕೆ ಇವತ್ತೇ ಹೊಲಿದಿದ್ದೀರಲ್ಲ."

ನಾನು ಜೇಬಿನ ಹೊಲಿಗೆ ಪರೀಕ್ಷಿಸುವವನಂತೆ ಬಗ್ಗಿ ನಿಂತೆ.

ಪರೀಕ್ಷೆಗೆಂದು ಅವಳು ಹಾಲು, ಮೊಸರು, ಬೇಯಿಸಿದ ಬೇಳೆ ಎಲ್ಲ ಒಳಗಿಟ್ಟಳು. ಹಾಲು ಒಡೆಯಿತು, ಬೇಳೆ ಹಳಸಿತು, ಮೊಸರಿನ ಮುಚ್ಚಳ ತೆರೆದರೆ ಅಪ್ಪ ಮೂಗು ಮುಚ್ಚಿಕೊಂಡು ಹೊರಗೆ ಹೋದರು. ಐಸಿನ ತಟ್ಟೆಯಲ್ಲಿ ಸ್ನಾನಕ್ಕೆ ಬೆರೆಸಿಟ್ಟಂಥ ನೀರು.

ನಾನು ರಿಪೇರಿಗೆ ಇಳಿದೆ. ಒಳಗಿನ ತಿರುಗಣೆಯನ್ನು ಕೊನೆಯ ಅಂಕಿಗೆ ತಿರುಗಿಸಿದೆ. ಪ್ಲಗ್ ಬದಲಾಯಿಸಿದೆ, ಕರೆಂಟು ಸರಿಯಿಲ್ಲವೆಂದು ಬೈದೆ. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದು ನೋಡಿದೆ, ಅದು ನನ್ನ ಹೊಲಿಗೆಯಷ್ಟೇ ಗಟ್ಟಿಯಾಗಿತ್ತು. ಪ್ರತಿ ಸಲವೂ ಗುಂಡಿ ಬಿಚ್ಚಿ ಒಳಗೆ ಇಣುಕಿ, ಮತ್ತೆ ಎಲ್ಲ ಗುಂಡಿ ಹಾಕಿ ಮುಚ್ಚಿದೆ. ಶಿಸ್ತು ಎಂದರೆ ಶಿಸ್ತು.

ಅಪ್ಪ ಬಂದು ಕೋಟಿನ ಮೇಲೆ ಕೈಯಿಟ್ಟರು. "ಲೋ, ಇದಕ್ಕೆ ಜ್ವರ ಬಂದಿದೆ ಕಣೋ. ಇನ್ನೊಂದು ಕಂಬಳಿ ಹೊದಿಸು, ಬೆವರಿದ್ರೆ ಇಳಿಯುತ್ತೆ."

"ಅಪ್ಪಾ, ಇದು ಯಂತ್ರ" ಎಂದು ನಕ್ಕೆ. (ತಿಳಿವಳಿಕೆ ಇರುವವನು ನಾನೊಬ್ಬನೇ ಎಂಬ ನಗು ಅದು. ಆಮೇಲೆ ಬೇಕಾದಾಗ ಹುಡುಕಿದೆ, ಸಿಗಲಿಲ್ಲ.)

ಮೂರನೆಯ ಸಲ ಹಾಲು ಒಡೆದಾಗ ಹೆಂಡತಿ ಅದನ್ನು ಬಚ್ಚಲಿಗೆ ಚೆಲ್ಲಿದಳು. ಅರ್ಧ ತುಂಬಿದ್ದ ಸೂಟ್‌ಕೇಸಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಬೀರುವಿಗೆ ಇಟ್ಟಳು. "ಅಯ್ಯೋ ಪಾಪ, ಮುಂದಿನ ವರ್ಷ ಹೋದ್ರಾಯ್ತು ಬಿಡು" ಅಂದೆ. ಮುಚ್ಚಿಡುವುದೇಕೆ, ನನಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಬೆಳಗಿನ ಕಾಫಿ ತಪ್ಪುವುದಿಲ್ಲ, ಒಲೆ ಹಚ್ಚುವುದು ಕಲಿಯಬೇಕಾಗಿಲ್ಲ. ಅವಳು ಸೀರೆಯ ಮಡಿಕೆಯನ್ನು ಅಂಗೈಯಿಂದ ಸವರಿ ಸವರಿ ಇಡುತ್ತಿದ್ದುದನ್ನು ನೋಡಿದಾಗ ಆ ನೆಮ್ಮದಿಯ ಬಗ್ಗೆಯೇ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಫ್ರಿಜ್ಜು ತಣ್ಣಗಾಗುವುದಿಲ್ಲವಲ್ಲ.

ಮಾರನೆಯ ದಿನ ಕಾಲೇಜಿನ ಪ್ರಿನ್ಸಿಪಾಲರು ಕೋಟಿನ ಟ್ರಯಲಿಗೆ ಬಂದರು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ, ಅಲ್ಲಿಂದ ಅಡುಗೆಮನೆ ನೇರವಾಗಿ ಕಾಣುತ್ತದೆ. ಪ್ರಿನ್ಸಿಪಾಲರು ಕೋಟು ತೊಟ್ಟರು. ನಾನೇ ಗುಂಡಿಗಳನ್ನು ಹಾಕಿದೆ. ಮೊದಲು ಅವರ ಕಿವಿ ಕೆಂಪಾಯಿತು, ಆಮೇಲೆ ಮುಖ, ಆಮೇಲೆ ಕನ್ನಡಕದ ಮೇಲೆ ಹಬೆ ಕೂತಿತು.

"ಮಾಸ್ಟ್ರೇ, ಉಸಿರಾಡಕ್ಕೆ ಆಗ್ತಿಲ್ಲ. ಮೈಯೆಲ್ಲ ಕಾದುಹೋಯ್ತು."

"ಫಿಟ್ಟಿಂಗ್ ಸಾರ್. ನಾಲ್ಕು ದಿನ ಹಾಕ್ಕೊಂಡ್ರೆ ಒಗ್ಗುತ್ತೆ."

"ಯಾವುದು ಒಗ್ಗೋದು? ಕೋಟು ನನಗೋ, ನಾನು ಕೋಟಿಗೋ? ಅಮ್ಮಾ, ಸ್ವಲ್ಪ ತಣ್ಣಗಿನ ನೀರು ಕೊಡ್ತೀರಾ?"

ಹೆಂಡತಿ ಫ್ರಿಜ್ಜಿನಿಂದಲೇ ನೀರು ತಂದಳು. ಒಂದು ಗುಟುಕು ಕುಡಿದ ಪ್ರಿನ್ಸಿಪಾಲರು, "ಇದನ್ನ ಕಾಯಿಸಿದ್ದೀರಾ?" ಎಂದು ಕೇಳಿದರು. ಅವಳು ಅವರ ಕೆಂಪು ಮುಖ ನೋಡಿದಳು. ಬಿಗಿದುಕೊಂಡ ಗುಂಡಿಗಳನ್ನು ನೋಡಿದಳು. ತಿರುಗಿ ಅಡುಗೆಮನೆಯಲ್ಲಿ ಕಂದು ಕೋಟು ತೊಟ್ಟು ನಿಂತಿದ್ದವನನ್ನು ನೋಡಿದಳು.

"ಸಾರ್, ಮೊದಲು ನೀವು ಅದನ್ನ ಬಿಚ್ಚಿ" ಅಂದವಳೇ ಒಳಗೆ ಹೋಗಿ ಫ್ರಿಜ್ಜಿನ ಗುಂಡಿಗಳನ್ನು ಪಟಪಟನೆ ಬಿಚ್ಚತೊಡಗಿದಳು. "ಒಳಗಿನ ಕಾವನ್ನ ಹೊರಗೆ ಹಾಕೋ ಯಂತ್ರ ರೀ ಇದು! ಉಣ್ಣೆ ಕೋಟು ಹಾಕಿ ಬೆನ್ನಿಗೂ ಬಟ್ಟೆ ಕಟ್ಟಿದ್ರೆ ಆ ಕಾವು ಎಲ್ಲಿಗೆ ಹೋಗ್ಬೇಕು? ಇವರಿಗೂ ಅದಕ್ಕೂ ಒಂದೇ ಕಾಯಿಲೆ. ಇಬ್ಬರೂ ನಿಮ್ಮ ಹತ್ರಾನೇ ಹೊಲಿಸಿದ್ದಾರೆ!"

ಪ್ರಿನ್ಸಿಪಾಲರು ಅಂಗಿಯಲ್ಲೇ ಬಂದು ಬೀರು ಸರಿಸಲು ಕೈಕೊಟ್ಟರು. ಸಹರೋಗಿಯ ಮೇಲಿನ ಮಮಕಾರ ಅವರದು. ಫ್ರಿಜ್ಜನ್ನು ಗೋಡೆಯಿಂದ ಗೇಣುದ್ದ ಈಚೆಗೆ ಎಳೆದೆವು. ಬೆಳಗಾಗುವಷ್ಟರಲ್ಲಿ ಐಸು ಕಟ್ಟಿತ್ತು. ಅಪ್ಪ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಜ್ವರ ಬಿಟ್ಟಿದೆ" ಎಂದು ತೀರ್ಪು ಕೊಟ್ಟರು.

ಹೆಂಡತಿ ಆ ಕೋಟನ್ನು ತಂದು ನನ್ನ ಮೇಜಿನ ಮೇಲೆ ಹಾಕಿದಳು. ನಾನು ಹೊಲಿಗೆ ಬಿಚ್ಚಿ, ಕತ್ತರಿ ಹಿಡಿದೆ.

"ಅಳತೆ?" ಅಂದಳು.

"ನನಗೆ ಗೊತ್ತಿಲ್ವೇನೇ?"

"ಟೇಪು ತಗೊಳ್ಳಿ."

ತೆಗೆದುಕೊಂಡೆ. ನನ್ನ ತಲೆಯಲ್ಲಿದ್ದದ್ದು ಮದುವೆಯಾದ ಹೊಸದರ ಅಳತೆ. ಟೇಪು ಬೇರೆಯೇ ಹೇಳಿತು. ಎಡಭುಜ ಸ್ವಲ್ಪ ಇಳಿದಿದೆ, ನೀರಿನ ಕೊಡ ಎತ್ತುವ ಕಡೆ. ಊರಿನವರ ಎದೆ ಸೊಂಟವೆಲ್ಲ ಬಾಯಿಪಾಠವಾಗಿರುವ ನನಗೆ ಇವಳ ಅಳತೆ ಗೊತ್ತಿರಲಿಲ್ಲ.

"ಸಡಿಲ ಇರ್ಲಿ" ಅಂದಳು.

ಜೀವಮಾನದಲ್ಲಿ ಮೊದಲ ಸಲ ಸಡಿಲವಾಗಿ ಹೊಲಿದೆ. ಜೇಬು ಮಾತ್ರ ಫ್ರಿಜ್ಜಿನದೇ ಉಳಿಯಿತು. ಡಬ್ಬಿಗಳನ್ನು ತುಂಬಿಟ್ಟು, ನನಗೆ ಒಲೆ ಹಚ್ಚುವುದು ಕಲಿಸಿ, ಕೋಟು ತೊಟ್ಟು ಬಸ್ಸು ಹತ್ತಿದಳು. ಕಿಟಕಿಯಲ್ಲಿ ಕೈಬೀಸಿದಾಗ ತೋಳು ಎಲ್ಲೂ ಹಿಡಿಯಲಿಲ್ಲ.

ಎರಡು ವಾರ ಮುಗಿಯುವ ಹೊತ್ತಿಗೆ ಫೋನು ಮಾಡಿದೆ.

"ಅಲ್ಲಿ ಚಳಿ ಹೇಗಿದೆ?"

"ವಿಪರೀತ."

"ಹಾಗಾದ್ರೆ ಬೇಗ ಬಂದ್ಬಿಡು" ಅಂದೆ, ಧ್ವನಿಯಲ್ಲಿ ಅಕ್ಕರೆ ತುಂಬಿಕೊಂಡು.

"ಯಾಕ್ರೀ? ಕೋಟಿದೆಯಲ್ಲ! ಇಷ್ಟು ಹಾಯಾಗಿರೋ ಬಟ್ಟೆ ನಾನು ತೊಟ್ಟೇ ಇರ್ಲಿಲ್ಲ. ಒಳಗೆ ಸ್ವೆಟರೂ ಹಿಡಿಯುತ್ತೆ. ಚಳಿಗಾಲ ಪೂರ್ತಿ ಮುಗಿಸಿಕೊಂಡೇ ಬಾ ಅಂತಾಳೆ ಅಕ್ಕ. ಹ್ಞೂಂ ಅಂದುಬಿಟ್ಟೆ."

"ಡಬ್ಬಿಗಳು ಖಾಲಿ ಕಣೇ!"

"ಒಲೆ ಹಚ್ಚೋದು ಕಲಿಸಿದ್ದೀನಲ್ಲ" ಎಂದು ನಕ್ಕು ಫೋನಿಟ್ಟಳು.

ಅಡುಗೆಮನೆಗೆ ಹೋಗಿ ಫ್ರಿಜ್ಜು ತೆರೆದೆ. ದೀಪ ಹತ್ತಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಇಷ್ಟು ಚೆನ್ನಾಗಿ ಅದು ಎಂದೂ ಕೆಲಸ ಮಾಡಿರಲಿಲ್ಲ.

ಹಿಂದಿನಿಂದ ಅಪ್ಪ ತಟ್ಟೆ ಹಿಡಿದು ಬಂದರು. "ಏನಿದೆಯೋ ಒಳಗೆ?"

"ಜಾಗ ಇದೆಯಪ್ಪಾ" ಅಂದೆ. "ಬೇಕಾದಷ್ಟು ಜಾಗ ಇದೆ."